ಐದು ನಿಮಿಷ ಕುದಿಸಿ

ಇದು ನಡೆದ ಕಥೆ. ನಡೆದದ್ದು ಎಂದರೆ ಪೂರ್ತಿ ನಡೆದುಕೊಂಡೇ ಬಂದದ್ದಲ್ಲ. ಕೆಲವು ಕಡೆ ಓಡಿದೆ, ಒಂದು ಕಡೆ ಬಾಗಿಲ ಹಿಂದೆ ನಿಂತು ಕದ್ದು ಕೇಳಿಸಿಕೊಂಡಿದೆ, ಕೊನೆಗೆ ಹತ್ತು ಜನರ ಎದುರು ಮುಗ್ಗರಿಸಿ ಬಿದ್ದಿದೆ. ಬಿದ್ದವನು ನಾನೇ ಆದ್ದರಿಂದ ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ನನ್ನನ್ನು ಗಿಣಿ ಎನ್ನುತ್ತಾರೆ. ಮೂಗಿನಿಂದ ಬಂದ ಹೆಸರಲ್ಲ, ಬಾಯಿಂದ ಬಂದದ್ದು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಿನಿಂದ ಹೊರಡುತ್ತದೆ. ಪ್ರಯೋಗಾಲಯದ ಮುಖ್ಯಸ್ಥೆ ನಮ್ಮ ಮೇಡಂ. ಅವರು ಕನ್ನಡಕವನ್ನು ಹಣೆಗೇರಿಸಿ ‘ನೋಡಪ್ಪಾ’ ಎಂದು ಎಳೆಯುತ್ತಾರಲ್ಲ, ಅದನ್ನು ನಾನೊಮ್ಮೆ ಇಂಟರ್‌ಕಾಮ್‌ನಲ್ಲಿ ಎಳೆದಾಗ ಸ್ಟೋರ್ ಕೀಪರ್ ಕುರ್ಚಿಯಿಂದ ಎದ್ದು ಫೋನಿಗೆ ತಲೆಬಾಗಿದರಂತೆ. ಮನುಷ್ಯರೇ ಆಗಬೇಕೆಂದಿಲ್ಲ. ಸೆಂಟ್ರಿಫ್ಯೂಜ್ ತಿರುಗಿ ತಿರುಗಿ ನಿಲ್ಲುವ ಮುಂಚೆ ಬಿಡುವ ನಿಟ್ಟುಸಿರನ್ನೂ ನಾನು ಬಿಡಬಲ್ಲೆ.

ಇಂಥ ಗಿಣಿಗೆ ಸಿಕ್ಕಿದ್ದು ಇಲಿಗಳ ಕೆಲಸ. ಕೆಲವು ಇಲಿಗಳಿಗೆ ಎರಡು ವಾರ ಮಾರ್ಫಿನ್ ಕೊಡುತ್ತೇವೆ, ಉಳಿದವಕ್ಕೆ ಬರೀ ಉಪ್ಪುನೀರು. ಆಮೇಲೆ ಮೆದುಳಿನ ಒಂದು ಚಿಕ್ಕ ಮೂಲೆಯನ್ನು, ‘ಬೇಕು’ ಎಂಬುದು ಹುಟ್ಟುವ ಮೂಲೆಯನ್ನು, ತೆಗೆದು ಏನು ಬದಲಾಗಿದೆ ಎಂದು ನೋಡುತ್ತೇವೆ. ನರಕೋಶಗಳು ಒಂದಕ್ಕೊಂದು ಮಾತಾಡುವುದು ಗ್ಲುಟಮೇಟ್ ಎಂಬ ರಸವನ್ನು ಚೆಲ್ಲಿ. ಮಾತು ಮುಗಿದ ಮೇಲೆ ಚೆಲ್ಲಿದ್ದನ್ನು ಗುಡಿಸಿ ಒಳಗೆಳೆದುಕೊಳ್ಳಲು ಒಂದು ಪ್ರೋಟೀನು ಇದೆ. ಪುಸ್ತಕದಲ್ಲಿ ಅದಕ್ಕೆ ಅಕ್ಷರ, ಅಂಕಿ ಸೇರಿದ ಹೆಸರು. ನಾವು ಕರೆಯುವುದು ಪೊರಕೆ. ಮಾರ್ಫಿನ್ ಚಟ ಹತ್ತಿದ ಮೆದುಳಿನಲ್ಲಿ ಪೊರಕೆ ಕಡಿಮೆಯಾಗುತ್ತದೆ ಎಂಬುದು ಮೇಡಂ ಲೆಕ್ಕಾಚಾರ. ಗುಡಿಸುವವರಿಲ್ಲದ ಮೇಲೆ ಚೆಲ್ಲಿದ್ದು ಅಲ್ಲೇ ನಿಲ್ಲುತ್ತದೆ, ಒಂದು ಸಣ್ಣ ಸದ್ದಾದರೂ ಸಾಕು, ಆ ಮೂಲೆಯಲ್ಲಿ ಗಲಾಟೆ ಏಳುತ್ತದೆ. ಬಿಟ್ಟು ವರ್ಷವಾದರೂ ಇದ್ದಕ್ಕಿದ್ದಂತೆ ಮತ್ತೆ ಬೇಕೆನಿಸುವುದು ಹೀಗೇ ಇರಬೇಕು.

ಆ ಸದ್ದು ಯಾವುದೆಂದು ನನಗೆ ಗೊತ್ತು. ಮಾತ್ರೆಯ ಹಾಳೆಯಿಂದ ಮಾತ್ರೆ ಹೊರಬೀಳುವ ‘ಪಟ್’.

ನನ್ನ ಅಣ್ಣ ಲಿಫ್ಟ್ ರಿಪೇರಿಯವನು. ಆರು ವರ್ಷದ ಹಿಂದೆ ಲಿಫ್ಟಿನ ಬಾವಿಯೊಳಗೆ ಜಾರಿ ಬಿದ್ದು ಬೆನ್ನು ಮುರಿದುಕೊಂಡ. ಆಪರೇಷನ್ ಆಯಿತು, ನೋವಿಗೆ ಆರು ವಾರದ ಮಾತ್ರೆ ಬರೆದುಕೊಟ್ಟರು. ಆರು ವಾರ ಬೆಳೆದು ಬೆಳೆದು ವರ್ಷಗಳಾದವು. ಮಾತು ತೊದಲಿತು, ಕೆಲಸ ಹೋಯಿತು, ಅತ್ತಿಗೆ ತವರಿಗೆ ಹೋದರು. ನೆಂಟರೆಲ್ಲ ಬಂದು ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಹೇಳಿ, ತಮ್ಮ ಮನಸ್ಸು ಹಗುರ ಮಾಡಿಕೊಂಡು ಹೋದರು. ಕೊನೆಗೆ ಅವನು ಬಿಟ್ಟ. ಈಗ ಹದಿನಾಲ್ಕು ತಿಂಗಳು. ಕೆಲಸಕ್ಕೆ ವಾಪಸ್ಸಾಗಿದ್ದಾನೆ, ನನ್ನ ಜೊತೆಗೇ ಇದ್ದಾನೆ. ಬೆನ್ನು ನೋವನ್ನು ಹಲ್ಲು ಕಚ್ಚಿ ಸಹಿಸುತ್ತಾನೆ. ಆದರೆ ಬಸ್ಸಿನಲ್ಲಿ ಪಕ್ಕದವರು ತಲೆನೋವಿನ ಮಾತ್ರೆ ಒತ್ತಿ ತೆಗೆದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾನೆ. ನಮ್ಮ ಮನೆಯಲ್ಲಿ ಯಾವ ಮಾತ್ರೆಯೂ ಹಾಳೆಯಲ್ಲಿಲ್ಲ. ಎಲ್ಲವನ್ನೂ ಬಿಡಿಸಿ ಡಬ್ಬಿಗೆ ಸುರಿದಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದ್ದು ಅವನಿಗಾಗಿ. ಒಂದು ದಿನ ಒಂದು ಚಿತ್ರ ಹಿಡಿದುಕೊಂಡು ಮನೆಗೆ ಹೋಗಬೇಕು, ‘ನೋಡು ಅಣ್ಣ, ಸವೆದಿರೋದು ನಿನ್ನ ಮನಸ್ಸಲ್ಲ, ಪೊರಕೆ’ ಎಂದು ತೋರಿಸಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಮೂರು ವರ್ಷ, ತೊಂಬತ್ತಾರು ಇಲಿ. ಚಿತ್ರ ಬರಲಿಲ್ಲ.

ಚಿತ್ರ ತೆಗೆಯುವ ಬಗೆ ಹೀಗೆ. ಅರೆದ ಮೆದುಳಿಗೆ ನೀಲಿ ಬಣ್ಣದ ದ್ರಾವಣ ಬೆರೆಸಿ, ಕುದಿಸಿ, ಜೆಲ್ ಎಂಬ ಲೋಳೆಯಂಥ ತೆಳು ಹಲಗೆಯ ಮೇಲಂಚಿನ ಗುಳಿಗಳಿಗೆ ಹಾಕಿ ಕರೆಂಟು ಹರಿಸಬೇಕು. ಪ್ರೋಟೀನುಗಳು ಓಟಕ್ಕೆ ಬಿಟ್ಟ ಹಾಗೆ ಕೆಳಕ್ಕೆ ಇಳಿಯುತ್ತವೆ. ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಅವನ್ನು ಕಾಗದದಂಥ ತೆಳು ಹಾಳೆಗೆ ಇಳಿಸಿಕೊಂಡು, ಪೊರಕೆಯನ್ನು ಮಾತ್ರ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಸುರಿದರೆ, ಅದಿರುವ ಕಡೆ ಕಪ್ಪು ಪಟ್ಟಿ ಮೂಡುತ್ತದೆ. ಇದಕ್ಕೆ ನಮ್ಮಲ್ಲಿ ಬ್ಯಾಂಡ್ ಎನ್ನುತ್ತಾರೆ. ಬ್ಯಾಂಡ್ ದಪ್ಪಗಿದ್ದರೆ ಪೊರಕೆ ಹೆಚ್ಚು, ತೆಳ್ಳಗಿದ್ದರೆ ಕಡಿಮೆ. ಆಂಟಿಬಾಡಿ ಉಳಿಸಲು ನಾನೊಂದು ರೂಢಿ ಮಾಡಿದ್ದೆ: ಬ್ಯಾಂಡ್ ಬರುವ ಎತ್ತರದ ಆಸುಪಾಸನ್ನಷ್ಟೇ ಇಟ್ಟುಕೊಂಡು ಹಾಳೆಯ ಮೇಲ್ಭಾಗವನ್ನು ಕತ್ತರಿಸಿ ಬುಟ್ಟಿಗೆ ಹಾಕುವುದು. ಇದೆಲ್ಲವನ್ನೂ ನಾನೇ ದುಂಡಗೆ ಬರೆದು ಗೋಡೆಗೆ ಅಂಟಿಸಿದ್ದೆ. ನಾಲ್ಕನೆಯ ಸಾಲು: ಐದು ನಿಮಿಷ ಕುದಿಸಿ.

ನನ್ನ ಬ್ಯಾಂಡುಗಳು ಬರುತ್ತಿದ್ದದ್ದು ಹೇಗೆಂದರೆ, ಪತ್ರದ ಮೇಲೆ ಚಹಾ ಚೆಲ್ಲಿ ಒರೆಸಿದ ಹಾಗೆ. ಮಾರ್ಫಿನ್ ಇಲಿಯದೂ ಮಸುಕು, ಉಪ್ಪುನೀರಿನ ಇಲಿಯದೂ ಮಸುಕು.

ಹೀಗಿರುವಾಗ ಅವನು ಬಂದ. ಬೇರೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದವನು, ನನಗಿಂತ ಎರಡು ವರ್ಷ ಚಿಕ್ಕವನು. ನಿಧಾನವಾಗಿ ಮಾತಾಡುತ್ತಾನೆ, ಮಾತಿನ ಕೊನೆಯ ಅಕ್ಷರವನ್ನು ನುಂಗುತ್ತಾನೆ. ಮೊದಲ ದಿನ ಗೋಡೆಯ ಹಾಳೆಯನ್ನು ಬೆರಳಿಟ್ಟು ಓದುತ್ತ ನಾಲ್ಕನೆಯ ಸಾಲಿಗೆ ನಿಂತ.

“ಇದನ್ನ ಕುದಿಸ್ತೀರಾ ನೀವು? ನಾನು ಕುದಿಸಲ್ಲ.”

ಹನ್ನೊಂದು ಗಂಟೆಯ ಚಹಾಕ್ಕೆ ನಾನದನ್ನು ಪ್ರದರ್ಶನಕ್ಕಿಟ್ಟೆ. ಕತ್ತು ಓರೆ ಮಾಡಿ, ಕೊನೆಯ ಅಕ್ಷರವನ್ನು ಗುಟುಕರಿಸಿ, ‘ನಾನು ಕುದಿಸಲ್‌’ ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಆ ಮಾತೆತ್ತಲಿಲ್ಲ.

ಮೂರು ತಿಂಗಳಿಗೆ ಅವನ ಮೊದಲ ಚಿತ್ರ ಬಂತು. ಎಂಟು ಬ್ಯಾಂಡ್, ನಾಲ್ಕು ದಪ್ಪ, ನಾಲ್ಕು ತೆಳ್ಳಗೆ. ಸ್ಕೇಲಿಟ್ಟು ಎಳೆದ ಹಾಗೆ, ಅಂಚು ಚೂಪಾಗಿ. ಯಾವ ಬ್ಯಾಂಡ್ ಯಾವ ಇಲಿಯದೆಂಬ ಸಂಕೇತ ಬಿಚ್ಚಿ ನೋಡಿದರೆ ತೆಳ್ಳಗಿನ ನಾಲ್ಕೂ ಮಾರ್ಫಿನ್ ಇಲಿಗಳವು. ಪ್ರಯೋಗಾಲಯವೆಲ್ಲ ಅವನ ಮೇಜಿನ ಸುತ್ತ ನೆರೆಯಿತು. ಅವನಿಗೆ ಬ್ಯಾಂಡ್ ಮಾಸ್ಟರ್ ಎಂದು ಹೆಸರಿಟ್ಟವನು ನಾನೇ. ಎಲ್ಲರೂ ಅದನ್ನು ಹೊಗಳಿಕೆ ಎಂದುಕೊಂಡರು.

ಮೇಡಂ ಕನ್ನಡಕ ಹಣೆಗೇರಿಸಿದರು. “ನೋಡಪ್ಪಾ, ಇನ್ನೊಂದು ಸಲ ಹೀಗೇ ಬರಲಿ, ಬರೆಯೋಣ. ಮೊದಲ ಹೆಸರು ನಿಂದು.”

ಆ ‘ನೋಡಪ್ಪಾ’ ನನ್ನದು. ಮೂರು ವರ್ಷದಿಂದ ಅದನ್ನು ಕೇಳಿ, ಕಲಿತು, ತಿದ್ದಿ, ಊರಿಗೆಲ್ಲ ಹಂಚಿದವನು ನಾನು. ಈಗ ಅದು ಸೀದಾ ಅವನ ಮಡಿಲಿಗೆ ಹೋಗಿ ಬಿತ್ತು. ಹೊಟ್ಟೆಕಿಚ್ಚು ಎಂದು ಹಿಂದಿನವರು ಸುಮ್ಮನೆ ಹೆಸರಿಟ್ಟಿಲ್ಲ. ನನಗೆ ನಿಜವಾಗಿಯೂ ಎದೆಯ ಕೆಳಗೆ ಸುಟ್ಟಿತು. ಎರಡು ದಿನ ತಣ್ಣನೆ ಹಾಲು ಕುಡಿದೆ. ಅವನು ಕೈ ತೊಳೆಯುವುದು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸುವುದು, ಟ್ಯೂಬಿನ ಮುಚ್ಚಳ ಸದ್ದಾಗದಂತೆ ಒತ್ತುವುದು, ಎಲ್ಲವೂ ನನ್ನ ಕಣ್ಣಿಗೆ ಚುಚ್ಚತೊಡಗಿದವು. ಇಷ್ಟು ಚೆಂದ ಬರಲು ಸಾಧ್ಯವೇ? ಚೆಂದಕ್ಕೂ ಒಂದು ಮಿತಿ ಬೇಡವೇ? ಏನೋ ಕೈಚಳಕ ಇರಬೇಕು. ಕಂಪ್ಯೂಟರಿನಲ್ಲಿ ತಿದ್ದುತ್ತಿರಬೇಕು. ಅವನು ಕುದಿಸುವುದಿಲ್ಲ ಎಂಬುದು ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ಅದಾಗಲೇ ಜೋಕಾಗಿ ಹೋಗಿತ್ತು. ಜೋಕಿನೊಳಗೆ ಕಾರಣ ಹುಡುಕುವವರು ಯಾರು?

ಇಷ್ಟಕ್ಕೇ ನಿಂತಿದ್ದರೆ ಹಾಲಿನಲ್ಲೇ ಮುಗಿಯುತ್ತಿತ್ತೇನೋ.

ನಮ್ಮ ಕಟ್ಟಡದ ಲಿಫ್ಟ್ ಅಣ್ಣನ ಪಾಲಿನದು. ಮಂಗಳವಾರಕ್ಕೊಮ್ಮೆ ಬಂದು ಎಣ್ಣೆ ಬಿಟ್ಟು, ಹಗ್ಗ ನೋಡಿ ಹೋಗುತ್ತಾನೆ. ಒಂದು ಮಂಗಳವಾರ ಅವನು ಸ್ಪ್ಯಾನರ್ ಕೊಡು ಎಂದಾಗ ನಾನು ಪೆಟ್ಟಿಗೆ ತೆರೆದೆ. ಮುಚ್ಚಳದ ಒಳಮೈಗೆ ಒಂದು ಚಿತ್ರ ಅಂಟಿಸಿತ್ತು. ಎಂಟು ಬ್ಯಾಂಡ್. ನಾಲ್ಕು ದಪ್ಪ, ನಾಲ್ಕು ತೆಳ್ಳಗೆ.

“ಇದೇನಣ್ಣ?”

“ಪೊರಕೆ,” ಎಂದ ಅಣ್ಣ, ಲಿಫ್ಟಿನ ಅಡಿಯಿಂದಲೇ. “ನಿಮ್ಮ ಬ್ಯಾಂಡ್ ಮಾಸ್ಟರ್ ಕೊಟ್ಟ. ಈ ದಪ್ಪಗಿರೋ ನಾಲ್ಕು ನೀನು, ತೆಳ್ಳಗಿರೋ ನಾಲ್ಕು ನಾನು.”

“ಅದು ಇಲಿದು. ನಿನ್ನ ಮೆದುಳಲ್ಲಿ ಹಾಗೇ ಇದೆ ಅಂತ ಏನೂ ಇಲ್ಲ.”

“ಅವನೂ ಹಾಗೇ ಅಂದ. ಇರ್ಲಿ ಬಿಡು, ನೋಡೋಕೆ ಒಂಥರಾ ಸಮಾಧಾನ.”

“ಇದನ್ನೆಲ್ಲ ನಾನು ಹೇಳಿರ್ಲಿಲ್ವಾ ನಿಂಗೆ?”

“ಹೇಳಿದ್ದೆ ಕಣೋ. ತೋರಿಸಿರ್ಲಿಲ್ಲ.”

ಸ್ಪ್ಯಾನರ್ ನನ್ನ ಕೈಯಲ್ಲೇ ಉಳಿಯಿತು. ಆ ಮುಚ್ಚಳದೊಳಗೆ ನಾನು ಮೂರು ವರ್ಷದಿಂದ ಅಂಟಿಸಬೇಕೆಂದಿದ್ದ ಜಾಗವಿತ್ತು. ಅಲ್ಲಿ ಬೇರೆಯವನು ಬಂದು ಕೂತಿದ್ದ. ನನ್ನ ಮೇಡಂ, ನನ್ನ ಪೊರಕೆ, ಈಗ ನನ್ನ ಅಣ್ಣ.

ಕೀಟಲೆ ಎಂದು ನನಗೆ ನಾನೇ ಹೇಳಿಕೊಂಡೆ. ಸಣ್ಣದೊಂದು ಕೀಟಲೆ.

ನಮ್ಮಲ್ಲೊಂದು ಪದ್ಧತಿಯಿದೆ. ಜೆಲ್ ಓಡಿಸುವವನಿಗೆ ಯಾವ ಟ್ಯೂಬು ಯಾವ ಇಲಿಯದು ಎಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಆದ್ದರಿಂದ ಬೇರೊಬ್ಬರು ಟ್ಯೂಬುಗಳಿಗೆ ಬರೀ ಅಂಕಿ ಬರೆದು ಕೊಡುತ್ತಾರೆ, ಯಾವ ಅಂಕಿ ಯಾವ ಇಲಿ ಎಂಬುದು ಸಂಕೇತದ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಇಡುತ್ತಿದ್ದವನು ನಾನು. ಬ್ಯಾಂಡ್ ಮಾಸ್ಟರನ ಎರಡನೆಯ ಸುತ್ತಿಗೆ ಎಂಟು ಟ್ಯೂಬು ಕೊಡಬೇಕಿತ್ತು: ನಾಲ್ಕು ಮಾರ್ಫಿನ್, ನಾಲ್ಕು ಉಪ್ಪುನೀರು. ನಾನು ಉಪ್ಪುನೀರಿನ ಒಂದೇ ಒಂದು ಇಲಿಯನ್ನು, ನಲವತ್ತೊಂದನೆಯದನ್ನು, ಎಂಟೂ ಟ್ಯೂಬುಗಳಿಗೆ ಹಂಚಿದೆ. ಎಂಟು ಬ್ಯಾಂಡೂ ಒಂದೇ ಬಂದರೆ ಅವನು ಪ್ರಾಮಾಣಿಕ. ನಾಲ್ಕು ತೆಳ್ಳಗೆ ಬಂದವೋ, ಅವನು ತನಗೆ ಬೇಕಾದ ಹಾಗೆ ತಿದ್ದುತ್ತಾನೆ ಎಂದಾಯಿತು. ಸಹಾಯ ಮಾಡುವವನಂತೆ ಬಣ್ಣದ ದ್ರಾವಣವನ್ನೂ ನಾನೇ ಬೆರೆಸಿದೆ.

ಇನ್ನು ಕುದಿಸುವುದು. ನಮ್ಮ ಹೀಟ್ ಬ್ಲಾಕಿನಲ್ಲಿ ಸರಿಯಾಗಿರುವ ಗುಳಿಗಳು ನಾಲ್ಕೇ. ಒಂದರಿಂದ ನಾಲ್ಕನೆಯ ಟ್ಯೂಬುಗಳನ್ನು ಅದರಲ್ಲಿಟ್ಟು ಟೈಮರ್ ಒತ್ತಿದೆ. ಉಳಿದ ನಾಲ್ಕು ಸ್ಟ್ಯಾಂಡಿನಲ್ಲಿ ಸರದಿಗೆ ಕಾದಿದ್ದವು. ಆಗ ಕಾರಿಡಾರಿನಿಂದ ಬ್ಯಾಂಡ್ ಮಾಸ್ಟರನ ದನಿ ಕೇಳಿತು. ಫೋನಿನಲ್ಲಿದ್ದ.

“ಹೇಳಿ ಅಣ್ಣ. ಎಲ್ಲಿದ್ದೀರಿ ಈಗ?”

ಅವನಿಗೆ ಅಣ್ಣಂದಿರಿಲ್ಲ. ನಾನು ಬಾಗಿಲ ಹಿಂದೆ ಹೋಗಿ ನಿಂತೆ.

ಅವನು ಹೆಚ್ಚು ಮಾತಾಡಲಿಲ್ಲ. ಹೂಂ ಎಂದ, ಮತ್ತೆ ಹೂಂ ಎಂದ. ಬೋರ್ಡಿನ ದೀಪ ಉರೀತಿದೆಯಾ ಎಂದು ಕೇಳಿದ. ಒಳಗೆ ಎಷ್ಟು ಜನ ಇದ್ದಾರೆ ಎಂದು ಕೇಳಿದ. ಆಮೇಲೆ ಹೇಳಿದ: “ನಿಲ್ಲಬೇಡಿ. ನಡೀತಾ ಇರಿ. ಔಷಧಿ ಅಂಗಡಿ ದಾಟೋವರೆಗೂ ನಾನು ಲೈನಲ್ಲೇ ಇರ್ತೀನಿ.” ಅದಾದ ಮೇಲೆ ಇಬ್ಬರೂ ಮಾತಿಲ್ಲದೆ ಇದ್ದರು. ಎಷ್ಟೋ ಹೊತ್ತು ಅವನು ಫೋನನ್ನು ಕಿವಿಗಿಟ್ಟುಕೊಂಡು ಸುಮ್ಮನೆ ನಿಂತಿದ್ದ, ನಾನು ಬಾಗಿಲಿಗೆ ಕಿವಿ ಇಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಕೊನೆಗೆ “ದಾಟಿದ್ರಾ? ಸರಿ ಅಣ್ಣ, ಮಂಗಳವಾರ ಸಿಗ್ತೀನಿ” ಎಂದ.

ಹದಿನಾಲ್ಕು ತಿಂಗಳಲ್ಲಿ ಅಣ್ಣ ನನಗೆ ಇಂಥದ್ದೊಂದು ಫೋನ್ ಮಾಡಿರಲಿಲ್ಲ. ಆಸೆಯೇ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಒಳಗೆ ಬಂದಾಗ ಟೈಮರ್ ಕೂಗಿ ಕೂಗಿ ಸುಸ್ತಾಗಿತ್ತು. ಅದರ ಬಾಯಿ ಮುಚ್ಚಿಸಿ, ಎಂಟು ಟ್ಯೂಬುಗಳನ್ನೂ ಬಾಚಿ ಡಬ್ಬಿಗೆ ಹಾಕಿ, ‘ತಯಾರಿದೆ, ನೇರ ಜೆಲ್ಲಿಗೆ ಹಾಕಬಹುದು’ ಎಂದು ಚೀಟಿ ಬರೆದು ಅವನ ಮೇಜಿನ ಮೇಲಿಟ್ಟೆ. ಅವನು ಚೀಟಿ ಓದಿ, ತುಂಬಾ ಉಪಕಾರ ಆಯಿತು ಎಂದ.

ಅವತ್ತು ಸಂಜೆ ಅಣ್ಣ ಬೂಟು ಬಿಚ್ಚುತ್ತಿರುವಾಗ ಕೇಳಿಯೇಬಿಟ್ಟೆ.

“ಔಷಧಿ ಅಂಗಡಿ ಮುಂದೆ ಕಾಲು ನಿಂತ್ರೆ ನಂಗ್ಯಾಕೆ ಫೋನ್ ಮಾಡಲ್ಲ ನೀನು?”

ಅಣ್ಣ ಲೇಸನ್ನು ಬೆರಳಿಗೆ ಸುತ್ತಿಕೊಂಡ. “ನಿಂಗೆ ಹೇಳಿದ್ರೆ ನಾಳೆ ಅದು ನನ್ನ ದನಿಯಲ್ಲೇ ವಾಪಸ್ ಬರುತ್ತೆ ಕಣೋ.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದು ನಿಜ. ಮಾತ್ರೆಗಳ ದಿನಗಳಲ್ಲಿ ಅವನು ಹೇಗೆ ತೊದಲುತ್ತಿದ್ದ, ಚಮಚ ಹಿಡಿದು ಅದನ್ನೇ ಹೇಗೆ ಹುಡುಕುತ್ತಿದ್ದ ಎಂಬುದನ್ನು ನಾನೊಮ್ಮೆ ನೆಂಟರ ಎದುರು ಮಾಡಿ ತೋರಿಸಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಣ್ಣನೂ ನಕ್ಕಿದ್ದ, ಎಲ್ಲರಿಗಿಂತ ಕಡಿಮೆ.

ಒಳ್ಳೆಯವನಾಗಿದ್ದರೆ ಮರುದಿನ ಬೆಳಿಗ್ಗೆ ಹೋಗಿ ಆ ಟ್ಯೂಬುಗಳನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೆ. ನಾನು ಹೋದೆ ಕೂಡ. ಅವನು ಆಗಲೇ ಜೆಲ್ ಓಡಿಸಲು ಶುರು ಮಾಡಿದ್ದ. ಎಂಟು ನೀಲಿ ಗೆರೆಗಳು ಸಮನಾಗಿ ಕೆಳಗಿಳಿಯುತ್ತಿದ್ದವು. ಅವನು ಶಿಳ್ಳೆ ಹಾಕುತ್ತಿದ್ದ. ಆ ಶಿಳ್ಳೆ ಕೇಳಿದ್ದೇ, ಓಡಲಿ ಬಿಡು ಎನಿಸಿತು.

ಶುಕ್ರವಾರ ಬೆಳಿಗ್ಗೆ ವಾರದ ಸಭೆ. ಹತ್ತು ಜನ, ಒಂದು ಉದ್ದ ಮೇಜು, ಗೋಡೆಗೆ ಪರದೆ. ಬ್ಯಾಂಡ್ ಮಾಸ್ಟರ್ ಚಿತ್ರ ಹಾಕಿದ. ಅವನು ಹಾಳೆಯನ್ನು ಕತ್ತರಿಸುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಇಡೀ ಹಾಳೆ ಪರದೆಯ ಮೇಲಿತ್ತು. ನನ್ನ ಕಣ್ಣು ಸೀದಾ ಬ್ಯಾಂಡಿನ ಎತ್ತರಕ್ಕೆ ಹೋಯಿತು. ಐದರಿಂದ ಎಂಟು, ದಪ್ಪ. ಒಂದರಿಂದ ನಾಲ್ಕು, ಇದ್ದೂ ಇಲ್ಲದ ಹಾಗೆ.

ಒಂದೇ ಇಲಿ. ಒಂದೇ ಮೆದುಳು. ನಾಲ್ಕು ದಪ್ಪ, ನಾಲ್ಕು ತೆಳ್ಳಗೆ.

ಸಿಕ್ಕಿಬಿದ್ದ. ನನ್ನ ಎದೆಯ ಉರಿ ಆ ಕ್ಷಣಕ್ಕೆ ತಣ್ಣಗಾಯಿತು, ಹಾಲಿಗೂ ಅಷ್ಟು ತಣ್ಣಗಾಗಿರಲಿಲ್ಲ. ಅವನು ಪೆನ್ಸಿಲ್ ಎತ್ತಿ, “ಹೋಲಿಕೆಗೆ ಇಟ್ಟ ಸಾಕ್ಷಿ ಪ್ರೋಟೀನು ಎಂಟರಲ್ಲೂ ಸಮ ಇದೆ, ಹಾಕಿರೋ ಪ್ರಮಾಣ ಸರಿಯಾಗೇ ಇದೆ, ಆದ್ರೆ ಇದರಲ್ಲಿ ಒಂದು ವಿಚಿತ್ರ...” ಎಂದು ಶುರು ಮಾಡುವಷ್ಟರಲ್ಲಿ ನಾನು ಎದ್ದು ನಿಂತೆ. ಕತ್ತು ಓರೆ ಮಾಡಿದೆ. ಅವನದೇ ನಿಧಾನದಲ್ಲಿ, ಅವನದೇ ಗುಟುಕಿನಲ್ಲಿ ಹೇಳಿದೆ: “ಎಂಟೂ... ಒಂದೇ... ಇಲ್‌.”

ಯಾರೂ ನಗಲಿಲ್ಲ.

“ಏನಂದೆ?” ಎಂದರು ಮೇಡಂ.

ನಾನು ಸಂಕೇತದ ಪುಸ್ತಕ ತೆರೆದು ಮೇಜಿನ ಮೇಲೆ ತಳ್ಳಿದೆ. ಎಂಟು ಸಾಲು, ಎಂಟರ ಮುಂದೂ ನಲವತ್ತೊಂದು, ಉಪ್ಪುನೀರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಗೋಡೆಯಾಚೆಯ ಫ್ರೀಜರಿನ ಗುಂಯ್ ಮಾತ್ರ ಕೇಳುತ್ತಿತ್ತು. ಬ್ಯಾಂಡ್ ಮಾಸ್ಟರನ ಕಿವಿ ಕೆಂಪಾಯಿತು, ಕಿವಿಗೆ ಸಿಕ್ಕಿಸಿದ್ದ ಇನ್ನೊಂದು ಪೆನ್ಸಿಲ್ ಎದ್ದು ಕಾಣುವಷ್ಟು. ಅವನು ನನ್ನತ್ತ ನೋಡಲಿಲ್ಲ. ಪರದೆಯನ್ನೇ ನೋಡಿದ.

“ಇದರಲ್ಲಿ ಕುದಿಸಿದ್ದು ಯಾವ್ಯಾವುದು?” ಎಂದು ಕೇಳಿದ.

“ಎಲ್ಲಾ.”

“ಎಲ್ಲಾನಾ?”

ಅವನು ಎದ್ದು ಪರದೆಯ ಹತ್ತಿರ ಹೋದ. ಪೆನ್ಸಿಲ್ ಮೇಲಕ್ಕೆ ಹೋಯಿತು, ಬ್ಯಾಂಡಿನ ಎತ್ತರವನ್ನು ದಾಟಿ, ನಾನು ಮೂರು ವರ್ಷದಿಂದ ಕತ್ತರಿಸಿ ಎಸೆಯುತ್ತಿದ್ದ ಜಾಗಕ್ಕೆ. ಅಲ್ಲಿ, ಒಂದರಿಂದ ನಾಲ್ಕನೆಯ ಗುಳಿಗಳ ಬಾಯಲ್ಲೇ, ನಾಲ್ಕು ಕಪ್ಪು ಮುದ್ದೆಗಳಿದ್ದವು. ಐದರಿಂದ ಎಂಟರ ಮೇಲೆ ಏನೂ ಇರಲಿಲ್ಲ.

“ನಾನು ಹೇಳೋಕೆ ಹೊರಟಿದ್ದೇ ಇದು. ಈ ನಾಲ್ಕರಲ್ಲಿ ಪೊರಕೆ ಕಡಿಮೆ ಆಗಿಲ್ಲ. ಗಂಟು ಕಟ್ಕೊಂಡು ಮೇಲೇ ಕೂತಿದೆ, ಕೆಳಗೆ ಇಳಿದೇ ಇಲ್ಲ. ಇದು ಕೋಶದ ಪೊರೆಯೊಳಗೆ ಹುದುಗಿರೋ ಪ್ರೋಟೀನು. ಕುದಿಸಿದ್ರೆ ಮೊಟ್ಟೆಯ ಬಿಳಿ ಥರ ಗಟ್ಟಿಯಾಗುತ್ತೆ. ನೀವು ಕುದಿಸಿರ್ಬಹುದು ಅಂತ ಅನುಮಾನ ಬಂತು. ಆದ್ರೆ ಹಾಗಿದ್ರೆ ಎಂಟೂ ಕೆಡಬೇಕಿತ್ತು. ನಾಲ್ಕೇ ಯಾಕೆ ಅಂತ ಎರಡು ದಿನದಿಂದ ತಲೆ ಕೆರ್ಕೊಳ್ತಾ ಇದ್ದೀನಿ.”

ನಾಲ್ಕು ಗುಳಿಯ ಹೀಟ್ ಬ್ಲಾಕ್. ಕೂಗುತ್ತಿದ್ದ ಟೈಮರ್. ಸ್ಟ್ಯಾಂಡಿನಲ್ಲಿ ಸರದಿ ಕಾಯುತ್ತಿದ್ದ ಐದು, ಆರು, ಏಳು, ಎಂಟು. ಅವುಗಳ ಸರದಿ ಬರಲೇ ಇಲ್ಲ.

“ಒಂದರಿಂದ ನಾಲ್ಕು ಮಾತ್ರ ಕುದಿಸಿದ್ದು,” ಎಂದೆ. ಈ ಸಲ ನನ್ನ ದನಿಯೇ ಹೊರಟಿತು, ಸಣ್ಣಗೆ. “ಉಳಿದದ್ದು ಮರೆತೆ.”

“ಮೂರು ವರ್ಷದಲ್ಲಿ ಒಂದು ಸಲವೂ ಮರೆಯದವನು ಈಗ ಯಾಕೆ ಮರೆತೆ?” ಎಂದರು ಮೇಡಂ.

ಸುಳ್ಳು ಹೇಳಬಹುದಿತ್ತು. ಹತ್ತು ಸುಳ್ಳು ಹತ್ತು ದನಿಗಳಲ್ಲಿ ತಯಾರಿದ್ದವು.

“ಬಾಗಿಲ ಹಿಂದೆ ನಿಂತು ಇವರು ಫೋನಲ್ಲಿ ಮಾತಾಡೋದನ್ನ ಕೇಳಿಸ್ಕೊಳ್ತಿದ್ದೆ ಮೇಡಂ. ಹೊಟ್ಟೆಕಿಚ್ಚಿಗೆ.”

ಮೇಡಂ ಕನ್ನಡಕವನ್ನು ಹಣೆಯಿಂದ ಇಳಿಸಿದರು. ಮಾತಿನ ನಡುವೆ ಅವರು ಅದನ್ನು ಇಳಿಸುವುದು ಬಹಳ ಅಪರೂಪ. ಹಾಗಾದರೆ ಮೂರು ವರ್ಷದಿಂದ ಎಲ್ಲವನ್ನೂ ಕುದಿಸುತ್ತಿದ್ದೀಯಾ ಎಂದು ಕೇಳಿದರು. ಗೋಡೆಯ ಮೇಲೆ ಹಾಗೇ ಇದೆಯಲ್ಲ ಎಂದೆ. ಗೋಡೆಯ ಮೇಲೆ ಬರೆದವರು ಯಾರು ಎಂದರು. ನಾನೇ ಎಂದೆ. ಹಾಳೆಯ ಮೇಲ್ಭಾಗ ಏನು ಮಾಡುತ್ತಿದ್ದೆ ಎಂದರು. ಬುಟ್ಟಿಗೆ ಎಂದೆ. ಗುಡಿಸುವ ಪ್ರೋಟೀನನ್ನು ಮೂರು ವರ್ಷ ಕಸದ ಬುಟ್ಟಿಗೆ ಹಾಕಿದವನು ಬಹುಶಃ ನಾನೊಬ್ಬನೇ.

ಸಂಕೇತದ ಪುಸ್ತಕ ಆಮೇಲೆ ನನ್ನ ಕಡೆ ವಾಪಸ್ ಬರಲಿಲ್ಲ. ಮೇಡಂ ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು, ಇನ್ನು ಅದು ನಿನ್ನ ಕೈಗೆ ಸಿಗುವುದಿಲ್ಲ ಎಂದರು. ಕ್ಷಮೆ ಕೇಳು ಎಂದೂ ಹೇಳಿದರು. ಕೇಳಿದೆ. ನನ್ನ ಸ್ವಂತ ದನಿಯಲ್ಲಿ ಅಷ್ಟು ಜನರ ಎದುರು ಮಾತಾಡಿ ಎಷ್ಟು ಕಾಲವಾಗಿತ್ತೋ, ಯಾರದೋ ದನಿಯನ್ನು ಕೆಟ್ಟದಾಗಿ ಅನುಕರಿಸಿದ ಹಾಗಿತ್ತು.

ಬ್ಯಾಂಡ್ ಮಾಸ್ಟರ್ ಪರದೆಯಿಂದ ತಿರುಗಿದ. “ನಾನು ಮೊದಲ ದಿನವೇ ಕೇಳಿದ್ದೆ.”

“ಕೇಳಿದ್ರಿ. ನಾನು ಉತ್ತರ ಕೊಡ್ಲಿಲ್ಲ, ನಕಲು ಮಾಡ್ದೆ.”

“ಹೂಂ.” ಅವನು ಪೆನ್ಸಿಲನ್ನು ತಿರುಗಿಸಿದ. “ನಿಮ್ಮ ತೊಂಬತ್ತಾರು ಇಲಿಗಳ ಉಳಿದ ಮೆದುಳು ಫ್ರೀಜರಲ್ಲೇ ಇದೆಯಲ್ಲ? ಕುದಿಸದೆ ಇಟ್ಟಿರೋದು?”

ಇತ್ತು. ಪ್ರತಿಯೊಂದರದೂ ಒಂದೊಂದು ಪುಟ್ಟ ಟ್ಯೂಬು, ನನ್ನ ದುಂಡು ಅಕ್ಷರದ ಚೀಟಿ ಸಮೇತ.

“ನನ್ನ ಹತ್ರ ಇರೋದು ಹನ್ನೆರಡು,” ಎಂದ ಅವನು.

ಮೂರು ವಾರ ನಾವಿಬ್ಬರೂ ಪಕ್ಕಪಕ್ಕದ ಮೇಜಿನಲ್ಲಿ ಜೆಲ್ ಓಡಿಸಿದೆವು. ಸಂಕೇತ ಮೇಡಂ ಚೀಲದಲ್ಲಿತ್ತು. ಕುದಿಸಲಿಲ್ಲ, ಕತ್ತರಿಸಲಿಲ್ಲ. ನಾನು ಅಷ್ಟು ದಿನ ಯಾರ ದನಿಯನ್ನೂ ಮಾಡಲಿಲ್ಲ. ಸ್ಟೋರ್ ಕೀಪರ್ ಬಂದು ಜ್ವರವೇನು ಎಂದು ವಿಚಾರಿಸಿದರು. ಮೂರನೆಯ ವಾರ ಮೇಡಂ ಸಂಕೇತ ಬಿಚ್ಚಿದರು. ಮಾರ್ಫಿನ್ ಇಲಿಗಳಲ್ಲಿ ಪೊರಕೆ ತೆಳ್ಳಗಾಗಿತ್ತು. ಎಲ್ಲದರಲ್ಲೂ ಅಲ್ಲ, ಐದಾರು ಇಲಿಗಳು ಹಟ ಹಿಡಿದು ದಪ್ಪಗೇ ಇದ್ದವು. ಅದಕ್ಕೇನು ಕಾರಣ ಎಂದು ಈಗ ಹುಡುಕುತ್ತಿದ್ದೇವೆ. ಲೇಖನದಲ್ಲಿ ಮೊದಲ ಹೆಸರು ಅವನದು, ಎರಡನೆಯದು ನನ್ನದು. ಸರಿಯಾಗಿಯೇ ಇದೆ. ಆದರೂ ಆ ಮೊದಲ ಜಾಗವನ್ನು ನೋಡಿದಾಗ ಎದೆಯ ಕೆಳಗೆ ಒಂದು ಕಿಡಿ ಈಗಲೂ ಚಿಟ್ ಎನ್ನುತ್ತದೆ. ಒಂದು ಮಾತು ಹೇಳಿಬಿಡುತ್ತೇನೆ: ಕುದಿಸದಿದ್ದರೂ ನನ್ನ ಬ್ಯಾಂಡುಗಳು ಅವನವುಗಳಷ್ಟು ಚೂಪಾಗಿ ಬರುವುದಿಲ್ಲ. ಏನು ಮಾಡಿದರೂ ಬರುವುದಿಲ್ಲ.

ಮಂಗಳವಾರ ಅಣ್ಣ ಬಂದ. ಲಿಫ್ಟಿನ ಬಾಗಿಲು ತೆರೆದಿಟ್ಟು, ಪೆಟ್ಟಿಗೆಯ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ನಾನು ನನ್ನ ಚಿತ್ರ ಕೊಟ್ಟೆ. ಹಿಡಿದು, ದೂರ ಇಟ್ಟು, ಹತ್ತಿರ ತಂದು ನೋಡಿದ.

“ಸ್ವಲ್ಪ ಮಸುಕಾಗಿದೆಯಲ್ಲೋ.”

“ನಂದು ಹಾಗೇ ಬರೋದು.”

“ಇರ್ಲಿ ಬಿಡು. ನನ್ನ ತಲೆ ಒಳಗೂ ಹಾಗೇ ಇರುತ್ತೆ.” ಎದ್ದು ಪೆಟ್ಟಿಗೆ ತೆರೆದ, ಮುಚ್ಚಳದಲ್ಲಿ ಇನ್ನೊಂದರ ಪಕ್ಕ ಜಾಗ ಮಾಡಿ ಅಂಟಿಸಿದ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದ. “ಇದನ್ನ ತೋರಿಸೋಕೆ ಇಷ್ಟು ವರ್ಷ ಬೇಕಾಯ್ತಾ? ಅವತ್ತು ಸಭೆಯಲ್ಲಿ ಏನೋ ಆಯ್ತಂತೆ. ಕೇಳಿದ್ರೆ ನಿಮ್ಮ ಬ್ಯಾಂಡ್ ಮಾಸ್ಟರ್ ಬಾಯೇ ಬಿಡಲ್ಲ. ಏನಾಯ್ತು ಹೇಳು.”

ಅವನು ಹೇಳಿರಲಿಲ್ಲ. ಮೂರು ಮಂಗಳವಾರ ಸಿಕ್ಕರೂ ಅಣ್ಣನಿಗೆ ಒಂದು ಮಾತೂ ಹೇಳಿರಲಿಲ್ಲ.

ಆದ್ದರಿಂದ ನಾನೇ ಹೇಳಬೇಕಾಯಿತು, ಹೇಳುವುದು ಎಂದರೆ ನನಗೆ ಮಾಡಿ ತೋರಿಸುವುದು. ಮೇಡಂ ಆದೆ, ಕನ್ನಡಕ ಇಳಿಸಿದೆ. ಟೈಮರ್ ಆದೆ. ಫ್ರೀಜರ್ ಆಗಿ ಗುಂಯ್ ಎಂದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸ್ಟೋರ್ ಕೀಪರ್ ನಿಂತರು, ಚಹಾದ ಲೋಟಗಳನ್ನು ಹಿಡಿದು ಬ್ಯಾಂಡ್ ಮಾಸ್ಟರ್ ಬಂದ. ನಾನು ನಿಲ್ಲಿಸಿದೆ.

“ನಿಲ್ಲಿಸಿದ್ಯಾಕೆ? ನಿನ್ನದು ಮಾಡು,” ಎಂದ ಅಣ್ಣ.

ನನ್ನ ದನಿಯನ್ನು ನಾನು ಯಾವತ್ತೂ ಮಾಡಿರಲಿಲ್ಲ. ಒಂದು ಗಳಿಗೆ ಹುಡುಕಿದೆ. ಆಮೇಲೆ ಲಿಫ್ಟಿನ ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಓರೆ ಮಾಡಿ, ಮೂಗನ್ನು ಗಿಣಿಯ ಹಾಗೆ ಚೂಪು ಮಾಡಿಕೊಂಡು ನಿಂತೆ. ಎದೆಯ ಕೆಳಗೆ ಕೈಯಿಟ್ಟು ಒತ್ತಿದೆ. ತಣ್ಣನೆ ಹಾಲನ್ನು ಗಟಗಟ ಕುಡಿದೆ. ಪಕ್ಕದಲ್ಲಿ ಟೈಮರ್ ಕೂಗಿತು, ನಾನು ಕೇಳಿಸಿಕೊಳ್ಳಲಿಲ್ಲ. ಮತ್ತೆ ಕೂಗಿತು, ಬಾಗಿಲಿಂದ ಕಿವಿ ತೆಗೆಯದೆಯೇ ‘ಶ್, ಫೋನ್ ಕೇಳಿಸ್ತಾ ಇಲ್ಲ’ ಎಂದು ಅದನ್ನೇ ಗದರಿದೆ. ಆಮೇಲೆ ಎದೆ ಸೆಟೆಸಿ ಸಭೆಯ ಎದುರು ನಿಂತು, ಜಗತ್ತನ್ನೇ ಗೆದ್ದವನ ಮುಖ ಮಾಡಿ, ನಲವತ್ತೊಂದನೆಯ ಇಲಿಯ ಹೆಸರು ಹೇಳಲು ಬಾಯಿ ತೆರೆದು, ಪರದೆಯ ಮೇಲ್ಭಾಗದ ನಾಲ್ಕು ಮುದ್ದೆಗಳನ್ನು ಕಂಡು ಹಾಗೇ ಬಾಯಿ ತೆರೆದುಕೊಂಡು ನಿಂತೆ.

ಸ್ಟೋರ್ ಕೀಪರ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಣ್ಣ ಬೆನ್ನು ನೋಯುತ್ತದೆ ಕಣೋ ನಿಲ್ಲಿಸು ಎನ್ನುತ್ತಲೇ ಬೆನ್ನು ಹಿಡಿದುಕೊಂಡು ನಕ್ಕ. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಬ್ಯಾಂಡ್ ಮಾಸ್ಟರ್. ಚಹಾ ಅವನ ತೋಳಿನ ಮೇಲೆಲ್ಲ ಚೆಲ್ಲಿತು, ಕಿವಿಯ ಪೆನ್ಸಿಲ್ ಲಿಫ್ಟಿನ ಬಾವಿಗೆ ಬಿತ್ತು, ಮೂರನೆಯ ಮಹಡಿಯಿಂದ ಯಾರೋ ಇಣುಕಿದರು. ಪ್ರತಿ ಮಾತಿನ ಕೊನೆಯನ್ನೂ ನುಂಗುವ ಆ ಮನುಷ್ಯ ನಗುವಾಗ ಮಾತ್ರ ಏನನ್ನೂ ನುಂಗಲಿಲ್ಲ.